ಪ್ರಾರ್ಥನೆ ಪೆಟ್ಟಿಗೆಗೆ ಬಿದ್ದ ಚೀಟಿ

ನನಗೆ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮ ಚರ್ಚಿನವರೆಲ್ಲ ಹೇಳುತ್ತಾರೆ. ಕೂತಿರಲಿ, ಮೂಗು ನನ್ನದು. ಆದರೆ ಹೋದ ವರ್ಷ ಕೊಳ್ಳೇಗಾಲದಲ್ಲಿ ನಾವು ನಡೆಸಿದ ಸಮಾವೇಶದ ದಿನ ನನಗೆ ಬಂದ ಕೋಪ ಇವತ್ತಿಗೂ ಇಳಿದಿಲ್ಲ. ಅದು ಯಾರ ಮೇಲಿನ ಕೋಪ ಎಂದು ಮೊದಮೊದಲು ನನಗೆ ಚೆನ್ನಾಗಿ ಗೊತ್ತಿತ್ತು. ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಈಗ ಬರೆಯಲು ಕೂತಾಗ ಹಾಗೆ ಸಲೀಸಾಗಿ ಹೇಳಲು ಆಗುತ್ತಿಲ್ಲ.

ಸಮಾವೇಶದ ವಿಷಯ ‘ಕ್ರೈಸ್ತ ವಿಶ್ವಾಸ ಮತ್ತು ಆಪ್ತಸಲಹೆ’. ಕೊಳ್ಳೇಗಾಲ, ಹನೂರು, ಯಳಂದೂರು, ಮೂರೂ ಕಡೆಯ ಜನರನ್ನು ಒಂದು ದಿನದ ಮಟ್ಟಿಗೆ ಸೇರಿಸಬೇಕು. ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಒಳಗೊಳಗೇ ಬೇಯುವವರು ಒಬ್ಬರ ಹತ್ತಿರ ಕೂತು ಹೇಳಿಕೊಳ್ಳಬೇಕು. ಹಾಗೆ ಹೇಳಿಕೊಳ್ಳುವುದು ವಿಶ್ವಾಸ ಕಮ್ಮಿಯಾದವರ ಲಕ್ಷಣವಲ್ಲ ಎಂದು ಜನಕ್ಕೆ ತಿಳಿಯಬೇಕು. ಈ ಆಲೋಚನೆ ನನ್ನದೇ. ಫಾದರ್ ಒಪ್ಪಿದರು. ಏಳು ಜನ ಸ್ವಯಂಸೇವಕರಾದೆವು. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ನಮ್ಮ ಮೀಟಿಂಗು.

ಆ ಮೀಟಿಂಗುಗಳನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಮೊದಲನೆಯದು ಪೂರ್ತಿ ಶಾಲು, ಹಾರದ ಮೇಲೆ ಹೋಯಿತು. ವೇದಿಕೆ ಮೇಲೆ ಎಷ್ಟು ಜನ, ಯಾರಿಗೆ ಶಾಲು, ಯಾರಿಗೆ ಬರೀ ಹೂವು. ಎರಡನೆಯದು ಊಟದ ಮೇಲೆ. ಹನೂರಿನವರು ಬಿರಿಯಾನಿ ಇಲ್ಲದಿದ್ದರೆ ಬರುವುದಿಲ್ಲ ಎಂದು ಇಲ್ಲಿನವರೇ ಅವರ ಪರವಾಗಿ ತೀರ್ಮಾನ ಮಾಡಿದರು. ಮೂರನೆಯ ಮೀಟಿಂಗಿನಲ್ಲಿ ಬ್ಯಾನರಿಗೆ ಯಾರ ಫೋಟೋ ಎಷ್ಟು ದೊಡ್ಡದಿರಬೇಕು ಎಂದು ಒಂದೂವರೆ ಗಂಟೆ. ನಮ್ಮ ಕಮಿಟಿಯ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಅದಕ್ಕೇ ಯಾವ ಮಾತನ್ನೂ ಮುಗಿಸುತ್ತಿರಲಿಲ್ಲ. ನಾನು ಮಾತ್ರ ಪ್ರತಿ ಸಲ ಕೊನೆಯಲ್ಲಿ, “ಸಾರ್, ಆಪ್ತಸಲಹೆ?” ಎನ್ನುತ್ತಿದ್ದೆ. ಅವರು ವಾಚ್ ನೋಡಿಕೊಂಡು, “ಅದನ್ನ ನೀವು ನೋಡ್ಕೊಳಿ ಮೇಡಂ, ನಿಮ್ಮ ಡಿಪಾರ್ಟ್‌ಮೆಂಟು” ಎನ್ನುತ್ತಿದ್ದರು.

ನೋಡಿಕೊಂಡೆ. ಮೈಸೂರಿನಿಂದ ಬರಲಿದ್ದ ಆಪ್ತಸಲಹೆಗಾರ್ತಿ ಫೋನಿನಲ್ಲಿ ನನಗೆ ಹೇಳಿದ್ದು ಮೂರೇ ಮಾತು. ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ಬೇಕು. ನಡುವೆ ಟೇಬಲ್ ಇಲ್ಲದೆ ಎರಡು ಕುರ್ಚಿ ಬೇಕು. ಬರುವವರು ತಮ್ಮ ವಿಷಯವನ್ನು ನಾಲ್ಕು ಸಾಲಿನಲ್ಲಿ ಬರೆದುಕೊಟ್ಟರೆ ಒಳ್ಳೆಯದು, ಆದರೆ ಅದನ್ನು ಸಲಹೆಗಾರ್ತಿಯನ್ನು ಬಿಟ್ಟು ಇನ್ನೊಬ್ಬರು ಓದಬಾರದು. ಕೋಣೆಗಾಗಿ ಜಗಳವಾಡಿದೆ. ಕೊಟ್ಟಿದ್ದು ಕ್ರಿಸ್‌ಮಸ್ ಗೋದಲಿಯ ಸಾಮಾನು ತುಂಬಿದ್ದ ಉಗ್ರಾಣ. ಒಣಹುಲ್ಲು, ಕಿವಿ ಮುರಿದ ಕುರಿಗಳು, ಕೈ ಇಲ್ಲದ ಕುರುಬ, ಎಲ್ಲವನ್ನೂ ನಾನೇ ಸೆರಗು ಕಟ್ಟಿಕೊಂಡು ಹೊರಗೆ ಸಾಗಿಸಿದೆ. ಎರಡು ಕುರ್ಚಿ ನಮ್ಮ ಮನೆಯಿಂದಲೇ ತಂದೆ. ಮೂರನೆಯ ಮಾತಿಗೆ ಯಾರ ಹತ್ತಿರವೂ ಜಗಳವಾಡುವ ಅಗತ್ಯ ಬರಲಿಲ್ಲ, ಅದು ನನ್ನ ಕೈಯಲ್ಲೇ ಇತ್ತು.

ನಾನು ಯಳಂದೂರಿನ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಕೊಳ್ಳೇಗಾಲದಿಂದ ದಿನಾ ಬಸ್ಸು. ಅದೇ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವಳು ಹೊನ್ನೂರಿನಿಂದ ಆಟೋದಲ್ಲಿ ಬರುತ್ತಿದ್ದಳು. ಅವಳದೂ ನಮ್ಮ ಚರ್ಚೇ. ಒಂದು ದಿನ ನಾನು ಕೈ ತೊಳೆಯಲು ಹೋದಾಗ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಕೊಡ ತುಂಬಿ ಹೊರಗೆಲ್ಲ ಹರಿಯುತ್ತಿದೆ, ಅವಳಿಗೆ ಪರಿವೆಯೇ ಇಲ್ಲ. “ಏನಮ್ಮಾ, ನೀರು ನಿಮ್ಮಪ್ಪನ ಮನೇದಾ?” ಎಂದು ಗದರಿದೆ. ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟಳು. ನನಗೆ ಗಾಬರಿಯಾಯಿತು. ಏನಾಯಿತೆಂದು ಕೇಳಿದರೆ ಹೇಳಲಿಲ್ಲ. ಅತ್ತೆ ತೀರಿಕೊಂಡು ಆರು ತಿಂಗಳಾಗಿತ್ತು, ಅದೇ ದುಃಖ ಇರಬೇಕು ಅಂದುಕೊಂಡೆ.

ಸಮಾವೇಶದ ಮಾತು ಎತ್ತಿದಾಗ ಅವಳು ಕೇಳಿದ್ದು ಒಂದೇ. “ಬರ್ದುದ್ದ ಯಾರ್ ಓದ್ತಾರೆ ಮಿಸ್ಸು?”

“ಆ ಮೈಸೂರಿನ ಮೇಡಂ ಒಬ್ಬರೇ. ನಾನೂ ಓದಲ್ಲ.”

“ನಮ್ಮನೇರ್ಗೆ ಗೊತ್ತಾದ್ರೆ ನಾ ಬದ್ಕಿರದು ಕಷ್ಟ ಕಣ್ ಮಿಸ್ಸು. ವೊಡ್ಯೋ ಮನ್ಸ ಅಲ್ಲ ಅವ್ರು. ಆದ್ರೂ ಗೊತ್ತಾಗ್ಬಾರ್ದು.”

“ಒಂದು ನೊಣಕ್ಕೂ ಗೊತ್ತಾಗಲ್ಲ. ನನ್ನಾಣೆ.”

ಆಣೆ ಇಡಬಾರದು ಎಂದು ಭಾನುವಾರ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸಿನಲ್ಲಿ ಹೇಳಿಕೊಡುವವಳೂ ನಾನೇ. ಆದರೂ ಇಟ್ಟೆ. ಚೀಟಿಯಲ್ಲಿ ಹೆಸರು ಬೇಡ, ಊರು ಬರೆದರೆ ಸಾಕು, ಮುಂದೆ ಯಾರನ್ನಾದರೂ ಮಾತಾಡಿಸಲು ಕಳಿಸಬೇಕಾದರೆ ಅನುಕೂಲ ಎಂದೆ. ಅವಳು ತಲೆಯಾಡಿಸಿದಳು.

ಚೀಟಿಗಳನ್ನು ಹಾಕಲು ಒಂದು ಪೆಟ್ಟಿಗೆ ಬೇಕಲ್ಲ. ಹೊಸದನ್ನು ಮಾಡಿಸುವುದು ಯಾಕೆಂದು ಚರ್ಚಿನಲ್ಲಿದ್ದ ಮರದ ಪೆಟ್ಟಿಗೆಯನ್ನೇ ತಂದು ಹಾಲ್‌ನ ಬಾಗಿಲಲ್ಲಿ ಇಟ್ಟೆ. ಮೇಲೆ ಶಿಲುಬೆ ಕೆತ್ತಿದ, ಸೀಳುಬಾಯಿಯ ಪೆಟ್ಟಿಗೆ. ಇಡೀ ಚರ್ಚಿನಲ್ಲಿ ಬೀಗ ಇದ್ದ ಪೆಟ್ಟಿಗೆ ಅದೊಂದೇ. ಬೀಗ ನೋಡಿ ನನಗೆ ಬಹಳ ಧೈರ್ಯ ಬಂತು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಲಿಲ್ಲ. ಫಾದರ್ ಕೋಣೆಯ ಮೊಳೆಗೆ ನೇತು ಹಾಕಿರುತ್ತಾರೆ, ಊಟದ ಹೊತ್ತಿಗೆ ತೆಗೆದುಕೊಂಡರಾಯಿತು ಅಂದುಕೊಂಡೆ.

ಅದು ಪ್ರಾರ್ಥನೆ ಪೆಟ್ಟಿಗೆ. ನಮ್ಮಲ್ಲಿ ತಿಂಗಳಿಗೊಮ್ಮೆ, ಕಷ್ಟ ಇರುವವರು ಚೀಟಿ ಬರೆದು ಅದರಲ್ಲಿ ಹಾಕುತ್ತಾರೆ. ಮಗಳಿಗೆ ಗಂಡು ಸಿಗಲಿ, ಬೋರಿನಲ್ಲಿ ನೀರು ಬರಲಿ, ಮಂಡಿನೋವು ವಾಸಿಯಾಗಲಿ. ಒಬ್ಬರು ಅವನ್ನು ಮೈಕಿನಲ್ಲಿ ಒಂದೊಂದಾಗಿ ಓದುತ್ತಾರೆ. ಒಂದೊಂದಕ್ಕೂ ಜನರೆಲ್ಲ ಸೇರಿ, “ಪ್ರಭುವೇ, ನಮ್ಮ ಮೊರೆಯನ್ನು ಆಲಿಸು” ಎನ್ನುತ್ತಾರೆ. ಓದುವವರು ಇಪ್ಪತ್ತು ವರ್ಷದಿಂದ ಒಬ್ಬರೇ, ನಿವೃತ್ತ ಬಸ್ ಕಂಡಕ್ಟರ್. ಅವರ ಗಂಟಲಿಗೆ ಮೈಕೇ ಬೇಡ. ಹೆಸರು, ಊರು ಯಾವುದನ್ನೂ ಓದುವುದಿಲ್ಲ, ‘ಒಬ್ಬ ಸಹೋದರ’, ‘ಒಬ್ಬ ಸಹೋದರಿ’ ಎನ್ನುತ್ತಾರೆ. ಆ ಪೆಟ್ಟಿಗೆಯ ಬೀಗದ ಕೈ ಅವರ ಅಂಗಿ ಜೇಬಿನಲ್ಲೇ ಇರುತ್ತದೆ. ಇದೆಲ್ಲ ನನಗೆ ಗೊತ್ತಿತ್ತೋ ಇಲ್ಲವೋ ಎಂದು ಕೇಳಿದರೆ, ಗೊತ್ತಿತ್ತು. ಬೀಗದ ಕೈಯ ವಿಷಯ ಬಿಟ್ಟು ಎಲ್ಲವೂ ಗೊತ್ತಿತ್ತು.

ಸಮಾವೇಶದ ದಿನ ಜನ ಸೇರಿದ್ದರು. ಹನೂರು ಕಡೆಯಿಂದ ಎರಡು ವ್ಯಾನ್ ತುಂಬ ಬಂದಿದ್ದರು, ಅರ್ಧ ಜನ ತಮಿಳಿನಲ್ಲೇ ಜಪಮಾಲೆ ಹೇಳುತ್ತಿದ್ದರು. ಹೊನ್ನೂರಿನಿಂದ ಬಂದದ್ದು ಗಂಡ ಹೆಂಡತಿ ಇಬ್ಬರೇ. ಅವಳು ನೀಲಿ ಸೀರೆ ಉಟ್ಟು, ಹೆಂಗಸರ ಕಡೆ ಗೋಡೆಗೊರಗಿ ಕೂತಿದ್ದಳು. ಬರುವಾಗ ನನ್ನ ಮುಖ ನೋಡಿ, ಪೆಟ್ಟಿಗೆಯ ಮುಖ ನೋಡಿ, ನಾಲ್ಕಾಗಿ ಮಡಚಿದ ಚೀಟಿಯನ್ನು ಹಾಕಿದಳು. ಅವಳ ಗಂಡ ಗಂಡಸರ ಕಡೆ ಕೊನೆಯ ಸಾಲಿನಲ್ಲಿ ಕಾರ್ಯಕ್ರಮದ ಹಾಳೆಯನ್ನು ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದ.

ಶಾಲು ಹೊದಿಸಿದ್ದಾಯಿತು, ಭಾಷಣಗಳಾದವು. ಒಬ್ಬರು ಮಹನೀಯರು ಖಿನ್ನತೆ ಎಂದರೆ ಪ್ರಾರ್ಥನೆಯ ಕೊರತೆ ಎಂದು ಮುಕ್ಕಾಲು ಗಂಟೆ ಮಾತಾಡಿದರು. ಅವರಿಗೆ ಶಾಲು ಹೊದಿಸಿದ್ದು ದಂಡ. ಊಟಕ್ಕೆ ಮುಂಚೆ ಆಪ್ತಸಲಹೆಗಾರ್ತಿ ಮಾತಾಡಬೇಕಿತ್ತು, ಹತ್ತು ನಿಮಿಷ ಕೊಟ್ಟರು. ಅಷ್ಟರಲ್ಲಿ ಹನೂರಿನ ವ್ಯಾನ್ ಡ್ರೈವರ್‌ಗಳು ಮೂರು ಗಂಟೆಗೇ ಹೊರಡಬೇಕು ಎಂದು ಗೇಟಿನ ಹತ್ತಿರ ತಕರಾರು ತೆಗೆದರು. ಜಗಳ ಎಂದರೆ ನನ್ನನ್ನೇ ಕರೆಯುತ್ತಾರೆ. ಹೋದೆ.

ಒಳಗೆ ಆಗಿದ್ದು ಇಷ್ಟು. ಆಪ್ತಸಲಹೆಗಾರ್ತಿ ಮಾತು ಮುಗಿಸಿ ಉಗ್ರಾಣದ ಕೋಣೆಗೆ ಹೋಗಿದ್ದರು. ಬಿರಿಯಾನಿ ಇನ್ನೂ ಬಂದಿರಲಿಲ್ಲ. ಜನ ಏಳುತ್ತಿದ್ದರು. ಅಧ್ಯಕ್ಷರು ಕಂಡಕ್ಟರ ಕಿವಿಯಲ್ಲಿ, “ಹತ್ತು ನಿಮಿಷ ಏನಾದ್ರೂ ನಡೆಸಿ” ಎಂದರು. ಅವರಿಗೆ ನಡೆಸಲು ಬರುವುದು ಒಂದೇ. ಬಾಗಿಲಲ್ಲಿ ಅವರ ಪೆಟ್ಟಿಗೆ ಇತ್ತು, ಅದರ ತುಂಬ ಚೀಟಿ ಇತ್ತು. ಜೇಬಿನಿಂದ ಬೀಗದ ಕೈ ತೆಗೆದರು.

ಗೇಟಿನಲ್ಲಿದ್ದ ನನಗೆ ಮರಕ್ಕೆ ಕಟ್ಟಿದ ಮೈಕಿನ ಹಾರ್ನಿನಿಂದ ಕೇಳಿಸಿತು. “ಒಬ್ಬ ಸಹೋದರನಿಗೆ ರಾತ್ರಿ ನಿದ್ದೆ ಬರುವುದಿಲ್ಲ.” ಜನ, “ಪ್ರಭುವೇ, ನಮ್ಮ ಮೊರೆಯನ್ನು ಆಲಿಸು” ಎಂದರು. “ಒಬ್ಬ ಸಹೋದರಿಗೆ ಮನೆ ಬಿಟ್ಟು ಹೋಗಬೇಕು ಅನಿಸುತ್ತದೆ.” “ಪ್ರಭುವೇ, ನಮ್ಮ ಮೊರೆಯನ್ನು ಆಲಿಸು.” ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ ಓಡಿದೆ. ಹಾಲ್‌ನ ಬಾಗಿಲು ದಾಟುವಾಗ ಕಂಡಕ್ಟರು ಅವಳ ಚೀಟಿ ಓದುತ್ತಿದ್ದರು.

“ಒಬ್ಬ ಸಹೋದರಿಯ ಅತ್ತೆ ಆರು ವರ್ಷ ಹಾಸಿಗೆ ಹಿಡಿದಿದ್ದರು. ಎಲ್ಲಾ ಇವಳೇ ಮಾಡಿದಳು. ಕೊನೇ ದಿನ ಮಧ್ಯಾಹ್ನ ಅತ್ತೆ ನೀರು ಕೇಳಿದರು. ಇವಳು ಕೆಲಸದಿಂದ ಬಂದು ಕೂತಿದ್ದಳು. ಕೇಳಿಸಿತು, ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋದಾಗ ಉಸಿರು ಇರಲಿಲ್ಲ. ಆಗ ಅಳು ಬರಲಿಲ್ಲ, ಸಮಾಧಾನ ಆಯಿತು.”

ಓದುತ್ತಾ ಓದುತ್ತಾ ಅವರ ದನಿ ಇಳಿಯಿತು, ಅದೂ ನನಗೆ ಕೇಳಿಸಿತು. ಆದರೂ ಜನ ತಪ್ಪದೆ, “ಪ್ರಭುವೇ, ನಮ್ಮ ಮೊರೆಯನ್ನು ಆಲಿಸು” ಎಂದರು. ಅರ್ಧ ಜನರ ಕಣ್ಣು ಬಿರಿಯಾನಿ ಬರುವ ಬಾಗಿಲ ಕಡೆಗಿತ್ತು. ಆ ಉತ್ತರ ಅವರ ಬಾಯಿಂದ ತಾನಾಗಿಯೇ ಬರುತ್ತದೆ, ಅವರು ಏನನ್ನೂ ಕೇಳಿಸಿಕೊಂಡಿರಲಿಲ್ಲ. ಆಗ ನನಗೆ ಅದೇ ಕಾರಣಕ್ಕೆ ಎಲ್ಲರ ಮೇಲೂ ರೇಗಿಹೋಯಿತು. ಈಗ ಅನಿಸುತ್ತದೆ, ಅವರು ಕೇಳಿಸಿಕೊಳ್ಳದೇ ಇದ್ದದ್ದು ಆ ದಿನ ದೇವರು ಅವಳಿಗೆ ಮಾಡಿದ ಒಂದೇ ಉಪಕಾರ. ಅದನ್ನೂ ನಾನು ಉಳಿಸಲಿಲ್ಲ.

ವೇದಿಕೆ ಹತ್ತಿ ಕಂಡಕ್ಟರ ಕೈಯಿಂದ ಚೀಟಿ ಕಿತ್ತುಕೊಂಡೆ. “ಏನ್ರೀ ಮಾಡ್ತಿದ್ದೀರಿ? ಬುದ್ಧಿ ಇದೆಯಾ ನಿಮಗೆ? ಹೊನ್ನೂರಿನವಳು ನನ್ನ ನಂಬಿಕೊಂಡು ಬರೆದದ್ದು ಇದು! ಯಾರೂ ಓದಬಾರದು ಅಂತ ಬರೆದದ್ದು!”

ಮೈಕು ಅವರ ಕೈಯಲ್ಲೇ ಇತ್ತು. ನನ್ನ ಬಾಯಿಗೂ ಅದಕ್ಕೂ ಒಂದು ಗೇಣೂ ದೂರ ಇರಲಿಲ್ಲ.

 ಬಾಗಿಲ ಕಡೆ ನೋಡುತ್ತಿದ್ದವರೆಲ್ಲ ಈಗ ವೇದಿಕೆ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಹೆಂಗಸರ ಕಡೆ ಕತ್ತು ತಿರುಗಿಸಿದರು. ಕೊನೆಯ ಸಾಲಿನಲ್ಲಿ ಅವಳ ಗಂಡ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದ. ಹಾಳೆಯನ್ನು ಮೊದಲಿದ್ದ ಹಾಗೆ ನಿಧಾನವಾಗಿ ಮಡಚಿ ಜೇಬಿಗೆ ಇಟ್ಟುಕೊಂಡ. ಎದ್ದು ಹೊರಗೆ ಹೋದ. ಅವಳು ಸೆರಗನ್ನು ತಲೆ ಮೇಲೆ ಎಳೆದುಕೊಂಡು ಅವನ ಹಿಂದೆ ಹೋದಳು. ನನ್ನ ಪಕ್ಕದಲ್ಲೇ ಹಾದುಹೋದಳು, ನೋಡಲಿಲ್ಲ.

ಅಷ್ಟು ಹೊತ್ತಿಗೆ ಬಿರಿಯಾನಿ ಬಂತು. ಜನ ಉಂಡರು. ಆಪ್ತಸಲಹೆಗಾರ್ತಿ ಉಗ್ರಾಣದ ಕೋಣೆಯಲ್ಲಿ ನಾಲ್ಕು ಗಂಟೆವರೆಗೆ ಕೂತಿದ್ದರು, ಎದುರಿಗೆ ಖಾಲಿ ಕುರ್ಚಿ. ಒಬ್ಬರೂ ಆ ಬಾಗಿಲ ಕಡೆ ಸುಳಿಯಲಿಲ್ಲ. ಮೈಸೂರು ಬಸ್ಸಿಗೆ ಬಿಡಲು ಹೋದಾಗ ದಾರಿಯುದ್ದಕ್ಕೂ ನಾನು ಕಂಡಕ್ಟರನ್ನೂ ಅಧ್ಯಕ್ಷರನ್ನೂ ಬೈಯುತ್ತಲೇ ಇದ್ದೆ. ಸಲಹೆಗಾರ್ತಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು, “ನೀವು ಆಕೆಯ ಮನೆಗೆ ಹೋಗಬೇಕು. ಹೋದಾಗ ಮಾತು ಕಡಿಮೆ ಮಾಡಿ” ಎಂದರು. ಇವರಿಗೂ ಸ್ವಲ್ಪ ಕೊಬ್ಬು ಅಂದುಕೊಂಡೆ.

ರಾತ್ರಿಯಾಗುವ ಮೊದಲೇ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಶಾಲು ಹೊದಿಸಿದ ಫೋಟೋಗಳು ಬಂದವು. ‘ಸಮಾವೇಶ ಅಭೂತಪೂರ್ವ ಯಶಸ್ಸು, ಎಲ್ಲರಿಗೂ ಧನ್ಯವಾದಗಳು’ ಎಂದು ಅಧ್ಯಕ್ಷರು ಹಾಕಿದ್ದರು. ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು. ನಾನು ಗ್ರೂಪಿನಿಂದ ಹೊರಬಂದೆ. ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಕಂಡಕ್ಟರು ಮಾತ್ರ ಎರಡು ದಿನ ಬಿಟ್ಟು ನಮ್ಮ ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಜೇಬಿನಿಂದ ಬೀಗದ ಕೈ ತೆಗೆದು ಚಾಚಿದರು. “ಆ ಪೆಟ್ಗೇಲಿ ಬಿದ್ದುದ್ದ ಓದದೇ ನನ್ ಕೆಲ್ಸ ಅನ್ಕಂಡಿದ್ದೆ ಮೇಡಂ. ಅರ್ಧ ಓದ್ತಿದ್ದಂಗೇ ತಪ್ಪಾಯ್ತು ಅನ್ನುಸ್ತು, ನಿಲ್ಸಾಕೆ ಗೊತ್ತಾಗ್ನಿಲ್ಲ. ಇದ ನೀವೇ ಮಡೀಕಳಿ. ನಂಗ್ ಬ್ಯಾಡ.”

ಪೆಟ್ಟಿಗೆ ಇಟ್ಟವಳು ನಾನು, ಊರಿನ ಹೆಸರು ಕೂಗಿದವಳು ನಾನು ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಕೈ ಚಾಚಿ ಬೀಗದ ಕೈ ತೆಗೆದುಕೊಂಡೆ. ತಪ್ಪು ಒಪ್ಪಿಕೊಂಡು ಬಂದರಲ್ಲ ಎಂದು ಒಳಗೊಳಗೆ ಹಗುರವೂ ಆಯಿತು. ಅವರು ಅವತ್ತಿನಿಂದ ಮೈಕಿನ ಮುಂದೆ ನಿಂತಿಲ್ಲ. ಇದನ್ನು ನೆನೆದಾಗ ಬರುವ ಕೋಪಕ್ಕೆ ಬೈಯಲು ಮನೆಯಲ್ಲಿ ಕನ್ನಡಿ ಬಿಟ್ಟರೆ ಬೇರೆ ಯಾರೂ ಇಲ್ಲ.

ಅವಳು ಶಾಲೆಗೆ ಬರುವುದನ್ನು ಬಿಟ್ಟಳು. ಹನ್ನೆರಡು ದಿನ ಕಾದು, ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೊನ್ನೂರಿನ ಆಟೋ ಹತ್ತಿದೆ. ಹನ್ನೆರಡು ದಿನ ಯಾಕೆ ಬೇಕಾಯಿತು ಎಂದರೆ ಹೆದರಿಕೆ, ಬೇರೆ ಏನೂ ಅಲ್ಲ. ಮನೆ ತೆಂಗಿನ ತೋಟದ ಪಕ್ಕದಲ್ಲಿತ್ತು. ಗಂಡ ಕಬ್ಬು ಕಡಿಯಲು ಹೋಗಿದ್ದ. ಅವಳು ನನ್ನನ್ನು ನೋಡಿ ಚಾಪೆ ಹಾಸಿದಳು. ಒಂದು ಲೋಟ ನೀರು ತಂದು ನನ್ನ ಮುಂದೆ ಇಟ್ಟು, ಗೋಡೆಗೊರಗಿ ಕೂತಳು.

ನಾನು ಶುರು ಮಾಡಿದೆ. ಕಮಿಟಿಯವರಿಗೆ ಶಾಲು ಬಿಟ್ಟರೆ ಬೇರೆ ಏನೂ ಬೇಕಿರಲಿಲ್ಲ ಎಂದೆ. ಬಿರಿಯಾನಿ ತಡವಾಗದಿದ್ದರೆ ಹೀಗಾಗುತ್ತಲೇ ಇರಲಿಲ್ಲ ಎಂದೆ. ಕಂಡಕ್ಟರಿಗೆ ಮೈಕಿನ ಚಟ ಎಂದೆ. ನನ್ನ ತಪ್ಪನ್ನೂ ಹೇಳಿದೆ, ಆದರೆ ಎಲ್ಲರದ್ದೂ ಹೇಳಿ ಮುಗಿಸಿದ ಮೇಲೆ, ಒಂದು ಚೂರು. ಗಂಡನ ಹತ್ತಿರ ನಾನೇ ಮಾತಾಡುತ್ತೇನೆ, ಫಾದರನ್ನು ಕರೆತರುತ್ತೇನೆ, ಅವನೇನಾದರೂ ಅಂದಿದ್ದರೆ ಸುಮ್ಮನೆ ಬಿಡುವುದಿಲ್ಲ ಎಂದು ದನಿ ಏರಿಸಿದೆ. ಅರ್ಧ ಗಂಟೆ ಆಗಿರಬೇಕು. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ನನ್ನ ಮುಖ ನೋಡಲು ಇವಳಿಗೆ ಇಷ್ಟವಿಲ್ಲ, ಸರಿಯೇ ಅಂದುಕೊಂಡೆ.

ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವಳು ಹೇಳಿದಳು.

“ಏನೂ ಅನ್ನಿಲ್ಲ ಮಿಸ್ಸು ಅವ್ರು. ಬೈನಿಲ್ಲ, ವೊಡೀನಿಲ್ಲ. ನನ್ ಕೈಲಿ ನೀರ್ ಮಾತ್ರ ಇಸ್ಕಳಲ್ಲ. ಊಟಕ್ಕ್ ಕೂತ್ರೆ ತಾವೇ ಎದ್ದೋಗಿ ಬಗ್ಗುಸ್ಕಂಡು ಕುಡೀತಾರೆ.”

ಆಮೇಲೆ ಮೆಲ್ಲಗೆ, “ನೀವೂವೆ ಮುಟ್ನಿಲ್ಲ” ಎಂದಳು.

ಅವಳು ಅಷ್ಟು ಹೊತ್ತು ನೋಡುತ್ತಿದ್ದದ್ದು ನೆಲವನ್ನಲ್ಲ, ಲೋಟವನ್ನು. ಅದು ಇಟ್ಟಲ್ಲೇ ಇತ್ತು, ತುಂಬಿದ ಹಾಗೇ ಇತ್ತು. ಆಟೋದಲ್ಲಿ ಧೂಳು ಕುಡಿದು ಬಂದು ನನಗೆ ಗಂಟಲು ಒಣಗಿತ್ತು, ಆದರೂ ಬಾಯಿಗೆ ಬಿಡುವು ಕೊಟ್ಟಿರಲಿಲ್ಲ.

ಸಮಜಾಯಿಷಿ ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಲೋಟ ಎತ್ತಿಕೊಂಡು ಅಷ್ಟನ್ನೂ ಕುಡಿದೆ. ಎರಡೂ ಕೈಯಲ್ಲಿ ಅದನ್ನು ಅವಳ ಕಡೆ ಚಾಚಿ, “ಇನ್ನೊಂದು ಲೋಟ ಕೊಡಮ್ಮಾ” ಎಂದೆ.

ಅವಳು ಬೇಗ ಏಳಲಿಲ್ಲ. ಲೋಟ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು. ಕೊಡ ಬಗ್ಗಿಸುವ ಸದ್ದು ಕೇಳಿಸಿತು. ಲೋಟ ತಂದು ಈ ಸಲ ನೆಲದ ಮೇಲೆ ಇಡಲಿಲ್ಲ, ನನ್ನ ಕೈಗೇ ಕೊಟ್ಟು ಎದುರಿಗೆ ಕೂತಳು.

“ಅವತ್ತು ಏನಾಯ್ತು ಅಂದ್ರೆ ಮಿಸ್ಸು,” ಎಂದು ಶುರು ಮಾಡಿದಳು. ನಾನು ನೀರು ಕುಡಿಯುತ್ತಾ, ಅವಳು ಮುಗಿಸುವವರೆಗೆ ನಡುವೆ ಬಾಯಿ ಹಾಕದೆ ಕೂತಿದ್ದೆ.